ಬೂಷ್ಟು ಹಿಡಿಯದ ತೆನೆ

ಲೋಕದವರೆಲ್ಲ ಗಿಡಕ್ಕೆ ರೋಗ ಬಾರದಿರಲೆಂದು ಮದ್ದು ಹೊಡೆದರೆ, ನನ್ನ ಚಿಕ್ಕಪ್ಪ ರೋಗ ಬರಲೆಂದೇ ಸೂಜಿ ಚುಚ್ಚುತ್ತಾರೆ. ನಂಬುವುದಿಲ್ಲವೇ? ಕದ್ರಿಯ ಅವರ ತಾರಸಿ ಹತ್ತಿ ನೋಡಿ. ಡ್ರಮ್ಮುಗಳಲ್ಲಿ ಮೆಕ್ಕೆಜೋಳ, ನಡುವೆ ಬೂಷ್ಟು ಕದಡಿದ ನೀರನ್ನು ತೆನೆತೆನೆಗೂ ಚುಚ್ಚುತ್ತಾ ಚಿಕ್ಕಪ್ಪ!

ತಳಿ ಸಂಶೋಧನೆಯಿಂದ ನಿವೃತ್ತರಾದರೂ ಅವರ ತಲೆಯಿಂದ ಆ ಹಸಿರು ಬೂಷ್ಟು ಇಳಿದಿಲ್ಲ. ಅದು ಕಾಳಿನೊಳಗೆ ವಿಷ ಬಿಡುತ್ತದೆ, ಬೇಯಿಸಿದರೂ ಹೋಗುವುದಿಲ್ಲ, ತಿಂದವರ ಲಿವರು ಕೆಡಿಸುತ್ತದೆ. ಹಾಗಾಗಿ ಚುಚ್ಚಿದರೂ ಬೂಷ್ಟು ಹಿಡಿಯದ ತೆನೆಯೊಂದು ಸಿಗಬೇಕು, ಅದರ ಬೀಜದಿಂದ ಹೊಸ ತಳಿ ಏಳಬೇಕು. ವರ್ಷಗಳಿಂದ ಅವರಿಗೆ ಇದೊಂದೇ ಹುಚ್ಚು.

ಹೂ ಬಿಟ್ಟಾಗ ಬೇರೆ ಗಿಡದ ಪರಾಗ ತಾಗದಂತೆ ಗಿಡಗಳಿಗೆಲ್ಲ ಕಾಗದದ ಚೀಲ ತೊಡಿಸುತ್ತಾರೆ. "ಇದೆಂತ, ಜೋಳಕ್ಕೂ ಟೊಪ್ಪಿಯಾ?" ಎಂದರು ಪಕ್ಕದ ಮನೆಯವರು.

"ಮತ್ತೆ? ನಾನು ನೋಡಿದ ಗಂಡನ್ನೇ ಅದು ಮದುವೆ ಆಗ್ಬೇಕಲ್ಲ," ಎಂದರು ಚಿಕ್ಕಪ್ಪ.

ನನಗೆ ಹುಡುಗಿ ನೋಡಲು ತೊಕ್ಕೊಟ್ಟಿಗೆ ಹೋದಾಗ ತಟ್ಟೆಯಲ್ಲಿ ನೆಲಗಡಲೆ ಬಂತು. ಎಲ್ಲರೂ ಹುಡುಗಿಯನ್ನು ನೋಡುತ್ತಿದ್ದರೆ, ಚಿಕ್ಕಪ್ಪ ಕಿಸೆಯಿಂದ ನೇರಳೆ ಬೆಳಕಿನ ಟಾರ್ಚು ತೆಗೆದು ಕಡಲೆ ನೋಡತೊಡಗಿದರು. ಆ ಬೂಷ್ಟು ಹಿಡಿದ ಕಾಳು ಅದರ ಬೆಳಕಿಗೆ ಹೊಳೆಯುತ್ತದಂತೆ. "ಇದೊಂದು ಹೊಳೀತಾ ಉಂಟು, ತಿನ್ಬೇಡಿ" ಎಂದು ಹುಡುಗಿಯ ಅಪ್ಪನ ಕೈ ಹಿಡಿದರು. ಸಂಬಂಧವೇನೋ ಕುದುರಿತು. ಮಾವನ ಮನೆಯಲ್ಲಿ ನನಗೆ ಇಂದಿಗೂ ನೆಲಗಡಲೆ ಕೊಡುವುದಿಲ್ಲ.

ಈ ಸಲ ಚುಚ್ಚಿದರೂ ಬೂಷ್ಟು ಹಿಡಿಯದ ಒಂದೇ ಒಂದು ತೆನೆ ಸಿಕ್ಕಿತು. ಉಳಿದವೆಲ್ಲ ಹಸಿರುಗಟ್ಟಿದ್ದರೆ ಇದು ಮಾತ್ರ ಫಳಫಳ. ಕಾಳು ಬಿಡಿಸಿ ಬಟ್ಟಲಲ್ಲಿಟ್ಟು, "ನಾಳೆ ಬಾ ಮಾರಾಯ, ಸಿಕ್ಕಿತು" ಎಂದು ನನಗೆ ಫೋನ್ ಮಾಡಿದರು. ಚಿಕ್ಕಮ್ಮನಿಗೆ ಹೇಳುವುದನ್ನು ಮಾತ್ರ ಮರೆತರು.

ಮರುದಿನ ನಾನು ಹೋದಾಗ ಬಟ್ಟಲು ಖಾಲಿ.

"ಅದಾ? ರಾತ್ರಿ ನೆನೆ ಹಾಕಿ ಉಸ್ಲಿ ಮಾಡಿದೆ," ಎಂದರು ಚಿಕ್ಕಮ್ಮ. "ಅಷ್ಟು ಜೋಳದಲ್ಲಿ ತಿನ್ಲಿಕ್ಕೆ ಆಗುವಂಥದ್ದು ಅದೊಂದೇ ಇದ್ದದ್ದು."

ಚಿಕ್ಕಪ್ಪ ಈಗ ಮನೆ ಹಾರಿಹೋಗುವಂತೆ ಕೂಗಾಡುತ್ತಾರೆ ಎಂದುಕೊಂಡೆ. ಆದರೆ ಅವರ ಮುಖ ಬಿಳಿಚಿಕೊಂಡಿತು.

"ನೀನು ಎಷ್ಟು ತಿಂದೆ?"

"ಎಲ್ಲ ತಿಂದೆ. ನನಗೆ ಎಂತದೂ ಆಗ್ಲಿಲ್ಲ ಮಾರಾಯ್ರೆ."

ಬೂಷ್ಟು ಚುಚ್ಚಿದ ತೆನೆಯೇ ಆದರೂ ಒಂದು ಹಿಡಿ ಕಾಳಿನಿಂದ ಯಾರಿಗೂ ಏನೂ ಆಗುವುದಿಲ್ಲ. ಚಿಕ್ಕಪ್ಪನಿಗಿಂತ ಚೆನ್ನಾಗಿ ಇದು ಯಾರಿಗೆ ಗೊತ್ತು? ಆದರೂ ಅವರು ಬಗ್ಗಿ ಚಿಕ್ಕಮ್ಮನ ಕಾಲಿಗೆ ಚಪ್ಪಲಿ ಹಾಕುತ್ತಿದ್ದರು.

"ಇದ್ದ ಬೀಜವೂ ಹೋಯ್ತಲ್ಲ ಚಿಕ್ಕಪ್ಪ," ಎಂದೆ.

"ಹೋಗ್ಲಿ ಮಾರಾಯ," ಎಂದರು ತಲೆ ಎತ್ತದೆ. "ನೀನು ಮೊದಲು ಕಾರು ತೆಗಿ. ಡಾಕ್ಟರಿಗೆ ತೋರಿಸುವ."