ಚಳಿಗಾಲದ ಬಾಸ್ ಮತ್ತು ಮಲ್ಪೆಯ ಅತ್ತೆ

ಮೀನು ಹಿಡಿಯಲು ಹೊರಟವನಿಗೆ ಮೀನು ಸಿಗುವುದೊಂದನ್ನು ಬಿಟ್ಟು ಬೇರೆಲ್ಲವೂ ಆಗುತ್ತದೆ. ಸಿಡ್ನಿಯಲ್ಲಿ ನನಗೆ ಮೂರು ಚಳಿಗಾಲದಿಂದ ಆಗುತ್ತಲೇ ಇದೆ.

ನಾನು ಮೈಸೂರಿನ ಸಾರು-ಹುಳಿಯ ಮನೆಯವನು. ಮೀನನ್ನು ಹತ್ತಿರದಿಂದ ನೋಡಿದ್ದೇ ಮಲ್ಪೆಯಲ್ಲಿ, ಹೆಂಡತಿಯ ತವರಿನ ಊಟದ ಎಲೆಯ ಮೇಲೆ. ಅತ್ತೆ ಮೂವತ್ತು ವರ್ಷ ಬುಟ್ಟಿ ಹೊತ್ತು ಮೀನು ಮಾರಿದವರು. ಭಾವಮೈದುನ ಬೋಟಿನವನು. ಅಂಥ ಮನೆಗೆ, ನಾರ್ತ್ ಸಿಡ್ನಿಯ ಆಫೀಸಿನಲ್ಲಿ ಸಾಫ್ಟ್‌ವೇರ್ ಟೆಸ್ಟ್ ಮಾಡುವ ನಾನು ಅಳಿಯ. ಒಮ್ಮೆ ವಿಡಿಯೊ ಕಾಲ್‌ನಲ್ಲಿ ಜಂಬಕ್ಕೆ, "ನಾನೂ ಇಲ್ಲಿ ಬಾಸ್ ಮೀನು ಹಿಡಿಯೋಕೆ ಹೋಗ್ತೀನಿ" ಎಂದುಬಿಟ್ಟೆ. ಅಂದಿನಿಂದ ಪ್ರತಿ ಭಾನುವಾರ ಭಾವಮೈದುನ, "ಭಾವ, ಇವತ್ತು ಎಂತ ಸಿಕ್ಕಿತು?" ಎಂದು ಕೇಳುತ್ತಾನೆ. ನಾನು ನೆಟ್‌ವರ್ಕ್ ಕೈಕೊಟ್ಟವನ ಹಾಗೆ, ಬಾಯಿ ಅರ್ಧ ತೆರೆದು, ಅಲುಗಾಡದೆ ಕೂರುತ್ತೇನೆ.

ಒಂದೇ ಒಂದು ಬಾಸ್ ಸಾಕಿತ್ತು. ಮಾವನ ಮನೆಯಲ್ಲಿ ಮರ್ಯಾದೆ ಉಳಿಯುತ್ತಿತ್ತು.

೧. ಬಾತ್‌ಟಬ್ ಸಂಶೋಧನೆ

ಈ ಬಾಸ್ ಇಲ್ಲಿಯದೇ ಮೀನು. ಚಳಿಗಾಲದಲ್ಲಿ ನದಿಯ ಬಾಸ್ ಮೊಟ್ಟೆಯಿಡಲು ಉಪ್ಪುನೀರಿನ ಕಡೆ ಇಳಿಯುತ್ತದೆ. ಆಗ ನದಿಯಲ್ಲಿ ಅದನ್ನು ಹಿಡಿಯುವಂತಿಲ್ಲ. ಅಣೆಕಟ್ಟೆಯ ಹಿನ್ನೀರಿನಲ್ಲಿರುವ ಬಾಸ್‌ಗೆ ಎಲ್ಲಿಗೂ ಹೋಗಲು ದಾರಿಯಿಲ್ಲ. ಅದು ತಳದ ಕೊರೆಯುವ ನೀರಿನಲ್ಲಿ ಯಾವ ಆಸೆಯೂ ಇಲ್ಲದೆ ಕೂತಿರುತ್ತದೆ. ಅದರ ಮೂಗಿನ ಎದುರಿಗೇ ಲ್ಯೂರ್ ಇಳಿಸಿ ಆಸೆ ಹುಟ್ಟಿಸಬೇಕು. ಲ್ಯೂರ್ ಅಂದರೆ ಎರೆಹುಳುವಿನ ಬದಲು ದಾರದ ತುದಿಗೆ ಕಟ್ಟುವ ಸುಳ್ಳು ಮೀನು. ಬೇಸಿಗೆಯಲ್ಲಿ ಕುಣಿಯುವ ಲ್ಯೂರ್ ನಡೆಯುತ್ತದೆ; ಚಳಿಗೆ ಚಿಕ್ಕದು, ಭಾರದ್ದು, ನಿಧಾನದ್ದು ಬೇಕು. ಇಷ್ಟು ತಿಳಿಯಲು ನನಗೆ ಒಂದು ಚಳಿಗಾಲ ಹಿಡಿಯಿತು.

ಹೊಸದಾಗಿ ತಂದ ತಗಡಿನ ಲ್ಯೂರ್ ನಿಧಾನವಾಗಿ ಎಳೆದರೆ ಹೇಗೆ ಆಡುತ್ತದೆ ಎಂದು ನೋಡಬೇಕಿತ್ತು. ಬಾತ್‌ಟಬ್ಬಿಗೆ ತಣ್ಣೀರು ತುಂಬಿಸಿ, ಮಂಡಿಯೂರಿ, ಗಾಳದ ರಾಡ್ ಹಿಡಿದು ಕೂತೆ. ಆ ಹೊತ್ತಿಗೆ ನಮ್ಮ ಕೆಲ್ಲಿವಿಲ್ ಮನೆಯ ಪಕ್ಕದಲ್ಲೇ ಇರುವ ರಿಟೈರ್ಡ್ ಡಾಕ್ಟರ್ ಅಂಕಲ್, ಕಾಫಿಗೆಂದು ಬಂದಿದ್ದವರು, ಕೈ ತೊಳೆಯಲು ಒಳಗೆ ಬಂದರು. ನನ್ನನ್ನು ನೋಡಿ, ಬಾಗಿಲು ಮೆಲ್ಲಗೆ ಮುಚ್ಚಿ, ಹೊರಗೆ ನನ್ನ ಹೆಂಡತಿಯನ್ನು ಕೇಳಿದ್ದು ನನಗೂ ಕೇಳಿಸಿತು: "ಆಫೀಸಲ್ಲಿ ತುಂಬಾ ಪ್ರೆಷರ್ರೇನಮ್ಮ?"

ಆಮೇಲೆ ಅವರೇ ತಡೆಯಲಾರದೆ ಮರಳಿ ಬಂದರು. ಹೆಬ್ಬೆರಳಿನಷ್ಟು ತಗಡು ನೀರಿನಲ್ಲಿ ನಡುಗುತ್ತ, ಓರೆಯಾಗುತ್ತ, ಬೆಳಕು ಚೆಲ್ಲುತ್ತ ಬರುವುದನ್ನು ಕಂಡು ಕನ್ನಡಕ ತೆಗೆದು ಒರೆಸಿಕೊಂಡರು. "ಅಯ್ಯೋ, ಜೀವ ಇದೆಯಲ್ಲೋ ಇದಕ್ಕೆ!" ಎಂದು ಅವರೂ ಮಂಡಿಯೂರಿದರು. ಮುಕ್ಕಾಲು ಗಂಟೆಯ ನಂತರ ಹೆಂಡತಿ ಬಂದು, "ಇಬ್ಬರೂ ಎಂತ ಮಾಡ್ತಿದ್ದೀರಿ ಇಲ್ಲಿ? ಸ್ನಾನ ಮಾಡ್ಬೇಕು ನಂಗೆ" ಎಂದಳು.

ಡಾಕ್ಟರ್ ತಲೆ ಎತ್ತದೆ ಹೇಳಿದರು: "ಇನ್ನೂ ಅಬ್ಸರ್ವೇಶನ್‌ನಲ್ಲಿದೆಯಮ್ಮ. ಹತ್ತು ನಿಮಿಷ ಬಿಟ್ಟು ಹೇಳ್ತೀವಿ."

೨. ಮೆಲ್ಬರ್ನಿನ ವಾಸನೆ

ಮೆಲ್ಬರ್ನಿನಲ್ಲಿ ನನ್ನ ಕಾಲೇಜಿನ ಗೆಳೆಯನಿದ್ದಾನೆ. ಅವನಿಗೂ ಇದೇ ಹುಚ್ಚು. ಹಿಡಿದ ಮೀನನ್ನು ಫೋಟೋ ತೆಗೆದು ನೀರಿಗೆ ಬಿಡುತ್ತಾನೆ, ಮನೆಗೆ ಹೋಗಿ ಮೊಸರನ್ನ ತಿನ್ನುತ್ತಾನೆ. ಅವನು ಫೋನಿನಲ್ಲಿ ಉಪದೇಶ ಮಾಡಿದ: "ಲೋ, ಚಳೀಲಿ ಮೀನು ಯೋಚನೆ ಮಾಡುತ್ತೆ ಕಣೋ. ಬರೀ ಆಟ ಸಾಲದು, ವಾಸನೆ ಬೇಕು. ಬೆಳ್ಳುಳ್ಳಿ ವಾಸನೆಯ ರಬ್ಬರ್ ಹುಳ ಸಿಗುತ್ತೆ, ತಗೋ."

ತೊಂದರೆಯೇನೆಂದರೆ, ಅವನ ಹೆಂಡತಿಯ ಅಡುಗೆಮನೆಗೆ ಬೆಳ್ಳುಳ್ಳಿ ಉಪ್ಪಿನಕಾಯಿಯ ರೂಪದಲ್ಲೂ ಬಂದಿಲ್ಲ. ಒಂದು ಶನಿವಾರ ಕೆರೆಯಿಂದ ಮರಳಿದವನ ಜಾಕೆಟ್ ಮೂಸಿ ಆಕೆ ನಿಂತಲ್ಲೇ ನಿಂತರು.

"ನಿಜ ಹೇಳಿ, ಎಲ್ಲಿ ತಿಂದು ಬಂದ್ರಿ?"

"ತಿಂದಿಲ್ಲ ಕಣೇ, ದೇವರಾಣೆ! ಮೀನು ಹಿಡೀತಿದ್ದೆ."

ಆಕೆ ಕಾರಿನ ಡಿಕ್ಕಿ ತೆಗೆಸಿ, ಪ್ಯಾಕೆಟ್ ಹುಡುಕಿ, ಮೇಲೆ ಬರೆದಿದ್ದನ್ನು ಎರಡು ಸಲ ಓದಿದರು. ಗಂಡ ಸುಳ್ಳು ಹೇಳಿಲ್ಲ ಎಂದು ಖಾತ್ರಿಯಾಯಿತು. ಸ್ವಲ್ಪ ಶಾಂತರಾದರು. ಆದರೂ ಸಂಕಟ ಪೂರ್ತಿ ಹೋಗಲಿಲ್ಲ.

"ಹಿಡಿದ್ರಿ, ಬಿಟ್ರಿ, ಅದು ಸರಿ. ಪಾಪ, ಅದಕ್ಕೆ ಬೆಳ್ಳುಳ್ಳಿ ಯಾಕೆ ತಿನ್ನಿಸಿದ್ರಿ?"

೩. ನೀರಿನೊಳಗಿನ ಟಿವಿ

ಈ ಜುಲೈಯಲ್ಲಿ, ಇಲ್ಲಿಯ ಚಳಿಗಾಲದ ನಡುವೆ, ಅತ್ತೆ ಮೂರು ತಿಂಗಳಿಗೆಂದು ಬಂದರು. ಇನ್ನು ನೆಟ್‌ವರ್ಕ್ ನೆಪ ಹೇಳುವಂತಿಲ್ಲ. ಅವರು ಸೋಫಾದ ಮೇಲೇ ಕೂತಿದ್ದಾರೆ.

"ನಿಮ್ಮ ಮೀನು ಹಿಡಿಯುವ ಜಾಗ ನೋಡ್ಬೇಕಲ್ಲ" ಎಂದರು. ಇಲ್ಲಿ ರಾಡ್ ಮುಟ್ಟುವವರಿಗೆಲ್ಲ ಲೈಸೆನ್ಸ್ ಬೇಕು. ಅವರ ಹೆಸರಿನಲ್ಲೂ ಮೂರು ದಿನದ್ದು ತೆಗೆದು ಫೋನಿನಲ್ಲಿ ತೋರಿಸಿದೆ. ಅತ್ತೆಗೆ ಬೇಜಾರಾಯಿತು. "ಮೂವತ್ತು ವರ್ಷ ಮೀನು ಮಾರಿದ್ದೇನೆ ಅಂತ ನೀವು ಅವರಿಗೆ ಹೇಳ್ಲಿಲ್ವಾ?"

ಮೂರು ಗಂಟೆ ಡ್ರೈವ್ ಮಾಡಿ ಹಿನ್ನೀರು ತಲುಪಿದೆವು. ಹೆಂಡತಿ ಚಳಿಗೆ ಹೆದರಿ ಕಾರಿನ ಹೀಟರ್ ಬಿಟ್ಟು ಇಳಿಯಲಿಲ್ಲ. ಬಾಡಿಗೆ ದೋಣಿಯಲ್ಲಿ ಅತ್ತೆ, ಸೀರೆಯ ಮೇಲೆ ಸ್ವೆಟರ್, ಸ್ವೆಟರ್ ಮೇಲೆ ಲೈಫ್ ಜಾಕೆಟ್. ಮಂಜು ನೀರಿನಿಂದ ಎದ್ದು ನೀಲಗಿರಿ ಮರಗಳ ಸೊಂಟದವರೆಗೆ ನಿಂತಿತ್ತು. ಎಷ್ಟು ಸಲ ಬಂದರೂ ಇಲ್ಲಿ ನನಗೆ ಮಾತು ನಿಂತುಹೋಗುತ್ತದೆ. "ಸಮುದ್ರಕ್ಕಾದರೆ ಶಬ್ದ ಉಂಟು. ಇದು ದೇವಸ್ಥಾನದ ಹಾಗೆ" ಎಂದರು ಅತ್ತೆ.

ದೋಣಿಗೆ ಸೋನಾರ್ ಇತ್ತು. ಪರದೆಯ ಮೇಲೆ ನೀರಿನ ತಳ, ಅದರ ಮೇಲೆ ಕಮಾನು ಕಮಾನಾಗಿ ಮೀನಿನ ಹಿಂಡು. ನಾನು ಹೆಮ್ಮೆಯಿಂದ ಒಂದೊಂದನ್ನೂ ಬೆರಳಿಟ್ಟು ತೋರಿಸಿದೆ. ಅತ್ತೆ ಕಣ್ಣರಳಿಸಿ ನೋಡಿದರು. ಪರದೆ ನೋಡಿದರು, ನೀರು ನೋಡಿದರು, ನನ್ನನ್ನು ನೋಡಿದರು.

"ಇಷ್ಟು ಮೀನು ಅಡಿಯಲ್ಲಿ ಉಂಟು. ಮೂರು ವರ್ಷ ನೀವು ಮೇಲೆ ಟಿವಿ ನೋಡ್ತಾ ಕೂತದ್ದಾ ಮಾರಾಯ್ರೆ?"

೪. ಚಾ ಕುಡಿಯುವ ಹೊತ್ತು

ಎರಡು ಗಂಟೆಯಲ್ಲಿ ಆರು ಲ್ಯೂರ್ ಬದಲಾಯಿಸಿದೆ. ತಗಡು ಇಳಿಸಿದೆ, ಪುಕ್ಕದ್ದು ಇಳಿಸಿದೆ, ಬೆಳ್ಳುಳ್ಳಿಯದನ್ನೂ ಬಿಡಲಿಲ್ಲ. ಚಳಿಗಾಲದ ವಿದ್ಯೆಯ ಸಾರವೇನೆಂದರೆ, ಲ್ಯೂರನ್ನು ತಳಕ್ಕೆ ಬಿಟ್ಟು, ಗೇಣುದ್ದ ಎತ್ತಿ, ಸುಮ್ಮನೆ ನಿಲ್ಲಿಸಬೇಕು. ಇದು ನನಗೆ ಬಾಯಿಪಾಠ. ಆದರೆ ಮೂರು ಎಣಿಸುವಷ್ಟರಲ್ಲಿ ನನ್ನ ಕೈ ತಾನಾಗಿ ಅಲುಗುತ್ತದೆ. ಆಫೀಸಿನಲ್ಲಿ ಒಂದು ಪೇಜ್ ತೆರೆಯುವುದು ತಡವಾದರೆ ಹತ್ತು ಸಲ ಕ್ಲಿಕ್ ಮಾಡುವವನು ನಾನು.

ಬೆರಳು ಮರಗಟ್ಟಿದವು. ಕೊನೆಗೆ ಮತ್ತೆ ಆ ತಗಡಿನ ಲ್ಯೂರನ್ನೇ ಕಟ್ಟಿ ಇಳಿಸಿ, "ಅತ್ತೆ, ಒಂಚೂರು ಹಿಡ್ಕೊಂಡಿರಿ. ಏನೂ ಮಾಡ್ಬೇಡಿ" ಎಂದು ರಾಡ್ ಕೊಟ್ಟು ಫ್ಲಾಸ್ಕ್ ತೆರೆದೆ.

ಅತ್ತೆ ನಿಜವಾಗಿಯೂ ಏನೂ ಮಾಡಲಿಲ್ಲ. ಉಸಿರನ್ನೂ ಹಿಡಿದಿಟ್ಟ ಹಾಗೆ ಕೂತರು.

ನಾನು ಎರಡನೇ ಗುಟುಕು ಕುಡಿಯುವಾಗ ರಾಡಿನ ತುದಿ ನೀರಿನತ್ತ ಬಾಗಿತು. "ಎಂತದೋ ಎಳೀತಾ ಉಂಟು" ಎಂದರು ಅತ್ತೆ, ಯಾರೋ ಸೆರಗು ಎಳೆದಷ್ಟೇ ಸಮಾಧಾನದಿಂದ. ನಾನು ಚಾ ಚೆಲ್ಲಿದೆ, ಕೂಗಿದೆ, "ರೀಲ್ ಸುತ್ತಿ, ಬೇಡ ಬಿಡಿ, ಸುತ್ತಿ ಸುತ್ತಿ!" ಎಂದೆ. ಅವರು ನನ್ನ ಒಂದು ಮಾತನ್ನೂ ಕೇಳದೆ, ಅದು ಎಳೆದಾಗ ಬಿಟ್ಟು, ನಿಂತಾಗ ಸುತ್ತಿ, ಮೇಲೆ ತಂದರು. ನಾನು ಕೈಬಲೆ ಒಡ್ಡಿದೆ.

ನೀರಿನಿಂದ ಬಂದದ್ದನ್ನು ಹೇಗೆ ಹೇಳಲಿ! ಆಗಷ್ಟೇ ಹುಣಸೆಹಣ್ಣು ಹಾಕಿ ಬೆಳಗಿದ ಹಿತ್ತಾಳೆಯ ಬಣ್ಣ. ಮುಂಗೈಯುದ್ದ ಇತ್ತು. ಕಣ್ಣಿನ ಸುತ್ತ ಚಿನ್ನದ ಗೆರೆ. ಮೂರು ವರ್ಷ ಪರದೆಯ ಮೇಲಿನ ಕಮಾನಾಗಿದ್ದದ್ದು ಬಲೆಯಲ್ಲಿ ಮಿಡಿಯುತ್ತಿತ್ತು. ನನ್ನ ಕಣ್ಣಲ್ಲಿ ನೀರು ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ.

ನಾನು ಕೊಕ್ಕೆ ಬಿಡಿಸಿದೆ; ಅತ್ತೆ ಕೈ ಒದ್ದೆ ಮಾಡಿಕೊಂಡು ಅದನ್ನು ಎತ್ತಿದರು. ಎಂದಿನ ಅಭ್ಯಾಸಕ್ಕೆ ಹೆಬ್ಬೆರಳು ಕಿವಿರಿನ ಹತ್ತಿರ ಹೋಗಿ, ಅಲ್ಲೇ ನಿಂತಿತು. ಕಿವಿರು ತೆರೆದು ಮುಚ್ಚುತ್ತಿತ್ತು.

"ನಂಗೆ ಸಿಗುವಾಗ ಎಲ್ಲಾ ಐಸಿನಲ್ಲಿ ಇರ್ತಿತ್ತು" ಎಂದರು ಮೆಲ್ಲಗೆ. "ಇಷ್ಟು ವರ್ಷ ಕಿವಿರು ಬಿಡಿಸಿ ತೋರಿಸಿ, ತಾಜಾ ತಾಜಾ ಅಂತ ಕೂಗಿದ್ದೇನೆ. ಅದು ಉಸಿರಾಡುವುದನ್ನು ಇಷ್ಟು ಹತ್ತಿರದಲ್ಲಿ ಕಂಡದ್ದು ಇವತ್ತು."

ಬಿಡಿ ಎಂದು ನಾನು ಹೇಳಲಿಲ್ಲ. ಅವರೇ ಬಾಗಿ ನೀರಿನಲ್ಲಿಟ್ಟು, ಅದಕ್ಕೆ ಶಕ್ತಿ ಬರುವವರೆಗೆ ಹಿಡಿದಿದ್ದು, ಕೈ ಸಡಿಲಿಸಿದರು.

ಸಂಜೆ ಮನೆಯಲ್ಲಿ ವಿಡಿಯೊ ಕಾಲ್. ಮಲ್ಪೆಯ ಮನೆಯವರೆಲ್ಲ ಪರದೆಯಲ್ಲಿ ತುಂಬಿದ್ದರು. ಭಾವಮೈದುನ ಬಾಯಿ ತೆರೆಯುವ ಮುಂಚೆಯೇ ಅತ್ತೆ ಫೋನ್ ಕಿತ್ತುಕೊಂಡರು. ಅವರ ಮಾತೆಲ್ಲ ತುಳುವಿನಲ್ಲಿ; ನನಗೆ ಮಾತಾಡಲು ಬಾರದಿದ್ದರೂ ಅರ್ಥವಾಗುತ್ತದೆ.

"ಸಿಕ್ಕಿತು! ಇಷ್ಟುದ್ದ!" ಎಂದು ಅತ್ತೆ ಭುಜದವರೆಗೆ ತೋರಿಸಿದರು.

"ಯಾರು ಹಿಡಿದದ್ದು?"

"ಯಾರು ಅಂದರೆ? ನಮ್ಮ ಅಳಿಯನೇ! ಜಾಗ ಹುಡುಕಿದ್ದು ಅವರು, ದೋಣಿ ಬಿಟ್ಟದ್ದು ಅವರು, ಆ ತಗಡು ಕಟ್ಟಿ ಇಳಿಸಿದ್ದು ಅವರು."

ನನ್ನ ಎದೆ ಉಬ್ಬಿತು. ಮಲ್ಪೆಯ ಅಷ್ಟೂ ಮುಖಗಳು ಮೊದಲ ಬಾರಿಗೆ ನನ್ನತ್ತ ಗೌರವದಿಂದ ನೋಡುತ್ತಿದ್ದವು.

"ಮತ್ತೆ ನೀನು ಎಂತ ಮಾಡಿದ್ದು ಅಮ್ಮ?" ಎಂದು ಕೇಳಿದ ಭಾವಮೈದುನ.

"ನಾನಾ? ನಾನು ಎಂತ ಮಾಡ್ಲಿಕ್ಕೆ ಉಂಟು? ಅವರು ಚಾ ಕುಡಿದು ಮುಗಿಸುವವರೆಗೆ ಮೀನನ್ನು ಹಿಡ್ಕೊಂಡು ಕೂತದ್ದು, ಅಷ್ಟೇ."