ಕೆಂಭಾವಿ ಸಂತೆಯಲ್ಲಿ ಪೀಕಿಂಗ್ ಅರಮನೆ

ತಾಯ್ನುಡಿಯಲ್ಲಿ ಪರೀಕ್ಷೆ ಕೊಡುವುದೇ ಅವಮಾನ; ಅದರಲ್ಲಿ ನಪಾಸಾಗುವ ಭಯವಿದ್ದರಂತೂ ಕೇಳಲೇಬೇಡಿ. ನಾನು ಸುರಪುರದ ತಹಸೀಲ ಕಚೇರಿಯ ಗುಮಾಸ್ತ. ಮನೆಯಲ್ಲಿ ಆಡಿದ್ದು ಕನ್ನಡ, ಶಾಲೆಯಲ್ಲಿ ಕಲಿತದ್ದು ಉರ್ದು. ಕನ್ನಡದ ಅಕ್ಷರ ಕಂಡರೆ ದೂರದ ನೆಂಟರನ್ನು ಕಂಡಂತೆ, ಗುರುತು ಹಿಡಿಯಲು ಹೊತ್ತು ಬೇಕು. ನಿಜಾಮರ ಆಡಳಿತ ಮುಗಿದು ನಾವು ಭಾರತಕ್ಕೆ ಸೇರಿದ ಮೇಲೆ, ಕನ್ನಡ ಬಾರದ ಗುಮಾಸ್ತರನ್ನು ಮನೆಗೆ ಕಳಿಸುತ್ತಾರೆಂಬ ಸುದ್ದಿ ಹಬ್ಬಿತು. ನನ್ನ ಕನ್ನಡವನ್ನು ಅಳೆಯಲು ಬಂದ ಸಾಹೇಬರು ಮದ್ರಾಸಿನ ಕಡೆಯವರು. ಅವರಿಗೆ ಬರುತ್ತಿದ್ದ ಕನ್ನಡ ‘ಸಾಕು’ ಎಂಬ ಒಂದೇ ಪದ. ಅದೂ ಊಟಕ್ಕೆ ಕುಳಿತಾಗ, ಬಹಳ ತಡವಾಗಿ.

ಕೆಂಭಾವಿ ಸಂತೆಯ ದಿನ ಜನರೆದುರು ಕನ್ನಡದಲ್ಲಿ ಭಾಷಣ ಮಾಡಬೇಕೆಂದು ಅವರು ಹುಕುಂ ಕೊಟ್ಟರು. ವಿಷಯವನ್ನೂ ಅವರೇ ಆರಿಸಿದರು: ಚೀನಾದ ಬಾದಶಹರ ಅರಮನೆ ವಸ್ತುಸಂಗ್ರಹಾಲಯವಾದ ಬಗೆ. ಕೆಂಭಾವಿಯವರು ಆ ವರ್ಷ ದವಾಖಾನೆ ಕೇಳಿದ್ದರು, ರಸ್ತೆ ಕೇಳಿದ್ದರು. ಸರ್ಕಾರ ದೊಡ್ಡ ಮನಸ್ಸು ಮಾಡಿ ಪೀಕಿಂಗ್ ಅರಮನೆಯನ್ನೇ ಮಂಜೂರು ಮಾಡಿತು.

ನಾನು ಭಾಷಣವನ್ನು ಕನ್ನಡದಲ್ಲೇ ಬರೆದೆ, ಆದರೆ ಉರ್ದು ಲಿಪಿಯಲ್ಲಿ. ಆ ಲಿಪಿಯಲ್ಲಿ ಅ, ಎ ತರಹದ ಗಿಡ್ಡ ಸ್ವರಗಳನ್ನು ಬರೆಯುವ ರೂಢಿಯಿಲ್ಲ, ಓದುವವನೇ ಊಹಿಸಿಕೊಳ್ಳಬೇಕು. ಸಾಹೇಬರು ಎದುರಿಗೆ ಕುರ್ಚಿ ಹಾಕಿಸಿಕೊಂಡು ಕುಳಿತಾಗ ನನ್ನ ಊಹಾಶಕ್ತಿ ಬೆವರಿನ ಜೊತೆ ಇಳಿದುಹೋಯಿತು.

“ಅರಮನೆಯಲ್ಲಿ ಸಾವಿರಾರು ಕೋಣಗಳಿದ್ದವು,” ಎಂದು ಓದಿದೆ. ಜನ ತಲೆದೂಗಿದರು. ಹುರುಪು ಬಂತು. “ಕೆಲವು ಕೋಣಗಳಲ್ಲಿ ರಾಣಿಯರು ವಾಸವಾಗಿದ್ದರು. ಈಗ ಎಲ್ಲ ಕೋಣಗಳನ್ನೂ ಜನರಿಗಾಗಿ ತೆರೆಯಲಾಗಿದೆ.”

ಮುಂದೆ ಕುಳಿತಿದ್ದ ಕುರಿಗಾರರ ಮಾಳವ್ವ ಎದ್ದು ನಿಂತಳು. “ಯಪ್ಪಾ, ಅಷ್ಟು ಕ್ವಾಣಕ್ಕ ಮೇವು ಎಲ್ಲಿಂದ ತರ್ತಿದ್ರ್ರಿ?”

ಆಗ ನನಗೆ ತಿಳಿಯಿತು. ಹುಟ್ಟಿದಂದಿನಿಂದ ‘ಖೋಲಿ’ ಎಂದವನು ಸಾಹೇಬರ ಮರ್ಯಾದೆಗೆಂದು ‘ಕೋಣೆ’ ಬರೆದಿದ್ದೆ! ಓದಿದ ಕೋಣಗಳೆಲ್ಲ ಕೋಣೆಗಳು. ತಪ್ಪಾಯಿತೆಂದರೆ ಉರ್ದು ಚೀಟಿ ಹೊರಬೀಳುತ್ತದೆ, ನೌಕರಿ ಹೋಗುತ್ತದೆ. ಸತ್ಯವೋ ಸಂಬಳವೋ ಎಂದು ನಾನು ಹೆಚ್ಚು ಹೊತ್ತು ಯೋಚಿಸಲಿಲ್ಲ.

“ಊರೂರಿಂದ ಮೇವು ಬರ್ತಿತ್ತವ್ವ,” ಎಂದೆ.

“ಮತ್ತ ರಾಣಿ ಕ್ವಾಣದಾಗ ಹ್ಯಾಂಗ ಇರ್ತಿದ್ಲ್ರಿ?”

“ಅವುಗಳ ನಡುವ ಇರ್ತಿದ್ಲು. ಅವರಲ್ಲಿ ಅದೇ ರಿವಾಜು.”

ಮಾಳವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಪಾಪ, ರಾಣಿಯಾಗಿ ಆಕಿ ಬಾಳೇವು ನಮಗಿಂತ ಕಡಿ ಆತಲ್ರಿ. ಕುರಿಮರಿ ಜೋಡಿ ನಾವೇ ಬೆಚ್ಚಗ ಅದೀವಿ. ಆ ಅರಮನಿ ಬಾಗ್ಲಾ ತೆರಿಸಿದಾವ್ರ ಹೊಟ್ಟಿ ತಣ್ಣಗಿರ್ಲಿ.”

ಸಂತೆಗೆ ಸಂತೆಯೇ ಚಪ್ಪಾಳೆ ತಟ್ಟಿತು. ಅವಳ ಕಣ್ಣೀರು ಕಂಡು ನನಗೆ ನಾಚಿಕೆಯಾದದ್ದು ನಿಜ; ಆದರೆ ನಾಚಿಕೆಯಿಂದ ಬಾಯಿ ಬಿಡುವಷ್ಟು ದೊಡ್ಡ ಮನುಷ್ಯ ನಾನಲ್ಲ. ಹಳ್ಳಿಯ ಹೆಂಗಸೊಬ್ಬಳು ಚೀನಾದ ಇತಿಹಾಸ ಕೇಳಿ ಅತ್ತದ್ದನ್ನು ಸಾಹೇಬರು ತಮ್ಮ ನೌಕರಿಯಲ್ಲೇ ಕಂಡಿರಲಿಲ್ಲವಂತೆ. ನನ್ನ ಕನ್ನಡ ಅತ್ಯುತ್ತಮವೆಂದು ಅಲ್ಲೇ ಷರಾ ಬರೆದರು, ಇಂಗ್ಲಿಷಿನಲ್ಲಿ.

ನೌಕರಿ ಉಳಿಯಿತು. ಅಷ್ಟೇ ಅಲ್ಲ, ಶಹಾಪುರ, ಯಾದಗಿರಿಯ ಗುಮಾಸ್ತರ ಕನ್ನಡ ಪರೀಕ್ಷೆಗೆ ನನ್ನನ್ನೇ ಪರೀಕ್ಷಕನನ್ನಾಗಿ ಮಾಡಿದರು. ಮೊದಲ ದಿನವೇ ನಾಲ್ವರನ್ನು ನಪಾಸು ಮಾಡಿದೆ. ಏನು ಮಾಡಲಿ, ಅವರ ಭಾಷಾಶುದ್ಧಿ ನನಗೆ ಒಂಚೂರೂ ಸರಿಬರಲಿಲ್ಲ.