ಹೆಸರು ಬರೆಯದೆ ಕೊಟ್ಟ ಚೀಟಿ

ಗುಟ್ಟು ಕಾಯುವುದರಲ್ಲಿ ಮೈಲೂರಿನಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ಮೊನ್ನೆ ಮೊನ್ನೆಯವರೆಗೂ ನಂಬಿದ್ದೆ. ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಆಯಾ ಆಗಿ ದುಡಿದವಳು ನಾನು. ಹೆರಿಗೆ ಕೋಣೆಯಲ್ಲಿ ಯಾವ ಸೊಸೆ ಯಾವ ಅತ್ತೆಯನ್ನು ಬೈದಳು, ಹೆಣ್ಣು ಹುಟ್ಟಿತೆಂದು ಯಾವ ಗಂಡ ಮುಖ ತೋರಿಸದೆ ಹೋದ, ಎಲ್ಲ ಗೊತ್ತು. ಒಂದನ್ನಾದರೂ ಹೊರಗೆ ಬಿಟ್ಟಿದ್ದರೆ ಹೇಳಿ. ನಮ್ಮ ಮನೆಯವರಿಗೆ ಹೇಳಿದ್ದು ಲೆಕ್ಕಕ್ಕಿಲ್ಲ.

ಊರವರಂತೆ ನನ್ನನ್ನು ಆಯಿ ಎಂದೇ ಕರೆಯುವ ಮೊಮ್ಮಗಳು ಶೀಲಾ ಪಿಎಚ್.ಡಿ. ಮಾಡುತ್ತಿದ್ದಾಳೆ. ಅವಳ ವಿಷಯದ ಹೆಸರು ಹೇಳಲು ಒಂದು ಉಸಿರು ಸಾಲುವುದಿಲ್ಲ: ಹೆಣ್ಣು ಗಂಡಿನ ತಾರತಮ್ಯ, ಸಾಮಾಜಿಕ ಅಸಮಾನತೆ ಮತ್ತು ಮಾನಸಿಕ ಸ್ವಾಸ್ಥ್ಯ. ನಾನು ಓದಿದ್ದು ನಾಲ್ಕನೇ ಇಯತ್ತೆ. ಹೆಣ್ಣುಮಕ್ಕಳಿಗೆ ಯಾಕೆ ಸಂಕಟ, ಯಾರಿಗೆ ಹೆಚ್ಚು ಎಂದು ಅಳೆಯುತ್ತಾಳೆ ಎಂಬಷ್ಟು ತಿಳಿಯಿತು.

"ಇದಕ್ಕ ಕಾಲೇಜಿಗಿ ಯಾಕ ಹೋಗಬೇಕು? ನನಗ ಕೇಳು, ಸಂಜಿತನ ಬರಸ್ತೇನಿ," ಎಂದೆ.

ಕೇಳಲಿಲ್ಲ. ಆದರೆ ಅವಳಿಗೆ ನಲವತ್ತು ಹೆಂಗಸರು ಬೇಕಾಗಿದ್ದರು. ತಿಂಗಳ ಕೊನೆಯೊಳಗೆ ನಲವತ್ತು ಫಾರ್ಮುಗಳನ್ನು ಗೈಡ್ ಮೇಡಂ ಮುಂದೆ ಇಡದಿದ್ದರೆ ಆರು ತಿಂಗಳು ಹಿಂದೆ ಬೀಳುತ್ತಿದ್ದಳು. ಅವರವರ ಮನೆಗೆ ಹೋದರೆ ಅತ್ತೆ ಬಾಗಿಲಲ್ಲಿ ಕೂತಿರುತ್ತಾಳೆ, ಗಂಡ ಟಿವಿ ಧ್ವನಿ ಸಣ್ಣ ಮಾಡುತ್ತಾನೆ. ಹೀಗಾಗಿ ನಮ್ಮ ಮನೆಯ ಒಳಕೋಣೆಯೇ ಆಗಬೇಕಾಯಿತು. ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕರೆತರುವ ಹೊಣೆ ನನ್ನದು. ಹೆಸರು, ಹೇಳಿದ ಮಾತು, ಎರಡೂ ಹೊರಗೆ ಹೋಗುವುದಿಲ್ಲ ಎಂಬ ಹಾಳೆಯೊಂದಿತ್ತು. ಪ್ರತಿಯೊಬ್ಬರದಕ್ಕೂ ಸಾಕ್ಷಿಯೆಂದು ಸಹಿ ಹಾಕಿದವಳು ನಾನೇ. ದಪ್ಪ ಅಕ್ಷರ, ಹೆಮ್ಮೆಯಿಂದ ಹಾಕಿದ್ದೆ.

ಮೊದಲ ದಿನ ನಾನೂ ಒಳಗೇ ಕೂತೆ. "ಮನೆಯ ತೀರ್ಮಾನಗಳಲ್ಲಿ ನಿಮ್ಮ ಮಾತಿಗೆ ಬೆಲೆಯಿದೆಯೇ?" ಎಂದು ಶೀಲಾ ಒಬ್ಬಾಕೆಯನ್ನು ಕೇಳಿದಳು. ಆಕೆ ಯೋಚನೆ ಮಾಡುತ್ತಿದ್ದಳು. ಇಷ್ಟು ಸುಲಭದ ಪ್ರಶ್ನೆಗೆ ಹೊತ್ತು ಯಾಕೆ ಕಳೆಯಬೇಕು? "ಈಕಿ ಮಾತಿಗಿ ಈಕಿ ಮನಿ ಬೆಕ್ಕೂ ಹೊರಳಿ ನೋಡಂಗಿಲ್ಲ, ಇಲ್ಲ ಅಂತ ಬರಿ," ಎಂದೆ. ಆ ಫಾರ್ಮು ಹರಿದು ಬುಟ್ಟಿಗೆ ಹೋಯಿತು. ನಾನು ಅಡುಗೆಮನೆಗೆ ಹೋದೆ.

ಅಡುಗೆಮನೆಗೂ ಒಳಕೋಣೆಗೂ ನಡುವೆ ಇರುವುದು ಒಂದು ಪರದೆ. ನಾನು ಕದ್ದು ಕೇಳಲಿಲ್ಲ. ಚಹಾ ಕುದಿಯುತ್ತಿತ್ತು, ಕಿವಿ ಖಾಲಿ ಇತ್ತು.

ಹಿಂದಿನ ಓಣಿಯ ಕಮಲಾ ಬಂದಳು. ನರ್ಸ್. ರಾತ್ರಿ ಡ್ಯೂಟಿ ಮುಗಿಸಿ ಬಂದವಳೇ ಎಂಟು ಜನರಿಗೆ ರೊಟ್ಟಿ ಬಡಿಯುತ್ತಾಳೆ. ಅವಳ ಗಂಡನೂ ಆಸ್ಪತ್ರೆಯಲ್ಲೇ ಕೆಲಸ ಮಾಡುತ್ತಾನೆ, ಬಂದು ಮಲಗುತ್ತಾನೆ. ಒಂದೇ ಆಸ್ಪತ್ರೆ, ಒಂದೇ ಡ್ಯೂಟಿ. ಇದೇ ಅಸಮಾನತೆ ಎಂದು ನನಗೆ ಪರದೆಯ ಹಿಂದೆಯೇ ತಿಳಿಯಿತು. ಎರಡು ವಾರಗಳಲ್ಲಿ ಎಷ್ಟು ದಿನ ಮನಸ್ಸು ಭಾರವಾಗಿತ್ತು ಎಂದು ಶೀಲಾ ಕೇಳಿದಳು. ಕಮಲಾ ದನಿ ಸಣ್ಣ ಮಾಡಿದಳು.

"ದಿನಾ ಬಚ್ಚಲದಾಗ ನೀರಿನ ನಳ ಬಿಟ್ಟು ಅಳ್ತೇನಿ ತಂಗಿ," ಎಂದಳು. "ಸಪ್ಪಳ ಹೊರಗ ಕೇಳಬಾರ್ದಲ್ಲ."

ನನ್ನ ಚಹಾ ಉಕ್ಕಿ ಒಲೆ ಆರಿತು.

ಇಷ್ಟು ದೊಡ್ಡ ಸಂಕಟವನ್ನು ಫಾರ್ಮಿನಲ್ಲಿ ಬರೆದು ಬೀಗ ಹಾಕಿಟ್ಟರೆ ಏನು ಬಂತು? ನಮ್ಮಲ್ಲಿ ಸಂಕಟಕ್ಕೆ ಬೇರೆ ವ್ಯವಸ್ಥೆಯೇ ಇದೆ. ಗುರುವಾರ ಮಧ್ಯಾಹ್ನ ಚರ್ಚಿನಲ್ಲಿ ಹೆಂಗಸರ ಪ್ರಾರ್ಥನಾ ಕೂಟ. ಬಾಗಿಲ ಹತ್ತಿರದ ಡಬ್ಬಿಗೆ ಚೀಟಿ ಹಾಕಿದರೆ ಪಾಸ್ಟರಮ್ಮನವರು ಅದನ್ನು ಗಟ್ಟಿಯಾಗಿ ಓದುತ್ತಾರೆ, ಎಲ್ಲರೂ ಪ್ರಾರ್ಥನೆ ಮಾಡುತ್ತಾರೆ. ನಾನು ಕನ್ನಡಕ ಹಾಕಿಕೊಂಡು ಬರೆದೆ: "ಬಚ್ಚಲದಲ್ಲಿ ನಳ ಬಿಟ್ಟು ಅಳುವ ಒಬ್ಬ ಸಹೋದರಿಗಾಗಿ ಪ್ರಾರ್ಥಿಸಿರಿ." ಹೆಸರು ಬರೆಯಲಿಲ್ಲ. ಕೊಟ್ಟ ಮಾತು ಕೊಟ್ಟ ಮಾತೇ.

ಗುರುವಾರ ಪಾಸ್ಟರಮ್ಮನವರು ಚೀಟಿ ಓದಿದರು. ಪ್ರತಿ ಸಲ ಗಟ್ಟಿಯಾಗಿ ಕೂಗುವವರಲ್ಲಿ ಅಂದು ಯಾರೂ "ಆಮೆನ್" ಎನ್ನಲಿಲ್ಲ. ಎಲ್ಲರ ಕಣ್ಣೂ ಚಾಪೆಯ ಮೇಲೆ. ಪ್ರಾರ್ಥನೆ ಗಾಢವಾಗಿ ನಾಟಿದೆ ಎಂದು ನನಗೆ ಸಮಾಧಾನವಾಯಿತು.

ಸಂಜೆ ಹಿಂದಿನ ಬಾಗಿಲು ತಟ್ಟಿದ ಸದ್ದು. ಕಮಲಾ ಬಂದಳೆಂದುಕೊಂಡು ತೆರೆದೆ. ನೋಡಿದರೆ ಬಂದವಳು ಫಾರ್ಮು ತುಂಬಿ ಹೋಗಿದ್ದ ಶಾಲೆಯ ಟೀಚರ್.

"ನನ್ನ ಮಾತು ಚರ್ಚಿನಾಗ ಓದಿಸಿದ್ರಲ್ಲ, ಇದೇನ್ ಆಯಿ ನಿಮ್ಮ ಕೆಲಸ?"

"ನಿಂದಲ್ಲವ್ವ ಅದು," ಎಂದೆ.

"ಮತ್ಯಾರ್ದು? ನಳ ಬಿಟ್ಟು ಅಳೋದು ನಾನೇ."

ಅವಳು ಹೋದ ಮೇಲೆ ಇನ್ನೊಬ್ಬಳು ಬಂದಳು. ಅಂದಿನಿಂದ ಶನಿವಾರದವರೆಗೆ ಏಳು ಜನ ಬಂದರು, ಏಳೂ ಜನ ಆ ಚೀಟಿ ತಮ್ಮದೇ ಎಂದು ನನ್ನನ್ನು ಬೈದರು. ಅವರಲ್ಲಿ ಇಬ್ಬರು ಇನ್ನೂ ಫಾರ್ಮನ್ನೇ ತುಂಬಿರಲಿಲ್ಲ. ಕಮಲಾ ಮಾತ್ರ ಬರಲಿಲ್ಲ.

ಶೀಲಾಗೆ ತಿಳಿಯಿತು. ಅವಳು ಕೂಗಾಡುವ ಹುಡುಗಿಯಲ್ಲ. ಫಾರ್ಮುಗಳ ಕಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು ಗೋಡೆ ನೋಡುತ್ತ ಕೂತಳು. "ಇವ್ರೆಲ್ಲ ನನ್ನ ನಂಬಿ ಹೇಳಿದ್ರು ಆಯಿ," ಎಂದಳು. ಅಷ್ಟೇ. ಬೈದಿದ್ದರೆ ನನಗೂ ಎರಡು ಮಾತಾಡಲು ಬರುತ್ತಿತ್ತು.

ನನ್ನ ಯಜಮಾನರು ಅಂಗಳದಲ್ಲಿ ಪೇಪರ್ ಓದುತ್ತಿದ್ದರು. ಇಷ್ಟೆಲ್ಲ ಹೇಳಿದೆ. ಅವರು ಪೇಪರ್ ಇಳಿಸಲಿಲ್ಲ. "ಚೀಟಿ ನಿನ್ನ ಬಗ್ಗಿನೇ ಬರದಿದ್ದಿ ಅಂತ ತಿಳಕೊಂಡಿದ್ದೆ," ಎಂದರು.

"ನಮ್ಮ ಕಾಲಕ್ಕ ನಳ ಎಲ್ಲಿತ್ತು?" ಎಂದೆ. "ಬಾವಿ ಇತ್ತು. ನೀರು ಸೇದೋ ಗಾಲಿ ಸಪ್ಪಳನೇ ಸಾಕಾಗ್ತಿತ್ತು."

ಅವರು ಪೇಪರ್ ಇಳಿಸಿದರು. ನಾನು ಒಳಗೆ ಬಂದೆ. ಕೆಲಸವಿತ್ತು.

ಕೆಟ್ಟದ್ದನ್ನು ನೆಟ್ಟಗೆ ಮಾಡಬೇಕಲ್ಲ. ಕಮಲಾ ಬಂದಿಲ್ಲವೆಂದರೆ ಅವಳ ಅತ್ತೆಗೆ ಸಂಶಯ ಬಂದಿರಬೇಕು, ಅವಳನ್ನು ಕಟ್ಟಿಹಾಕಿರಬೇಕು ಎಂದುಕೊಂಡೆ. ನೇರ ಅವಳ ಮನೆಗೆ ಹೋದೆ. ಕಮಲಾ ಡ್ಯೂಟಿಗೆ ಹೋಗಿದ್ದಳು. ಅತ್ತೆ ಸುಗಂಧಮ್ಮ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಮೊಣಕಾಲು ನೋವೆಂದು ಆಕೆ ಆ ಗುರುವಾರ ಕೂಟಕ್ಕೇ ಬಂದಿರಲಿಲ್ಲ. ಅದು ನನಗೆ ನೆನಪಾದದ್ದು ಮಾತಾಡಿದ ಮೇಲೆ.

"ಆ ಚೀಟಿ ನಿಮ್ಮ ಸೊಸಿದಲ್ಲರಿ," ಎಂದುಬಿಟ್ಟೆ.

"ಯಾವ ಚೀಟಿ?"

"ನಳ ಬಿಟ್ಟು ಅಳೋದು. ಅದು ಕಮಲಾಂದಲ್ಲ. ಖರೇ ಅಂದ್ರೂ ಅಲ್ಲ."

ಸುಗಂಧಮ್ಮ ಮೊರ ಕೆಳಗಿಟ್ಟಳು. ಬಚ್ಚಲದ ಕಡೆ ನೋಡಿದಳು. ಮಾಳಿಗೆಯ ಮೇಲಿನ ನೀರಿನ ಟಾಕಿಯ ಕಡೆ ನೋಡಿದಳು. "ಅದಕ್ಕ ಟಾಕಿ ಲಗೂ ಖಾಲಿ ಆಗ್ತದ," ಎಂದಳು.

ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಇಷ್ಟು ದಿನ ಕಮಲಾ ಮುಚ್ಚಿಟ್ಟದ್ದನ್ನು ಒಂದು ನಿಮಿಷದಲ್ಲಿ ಅತ್ತೆಯ ಕೈಗೆ ಕೊಟ್ಟು ಬಂದಿದ್ದೆ, ಅದೂ ಯಾರೂ ಕೇಳದೆ.

ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಕಮಲಾ ಬಂದಳು. ನಾನು ತಲೆ ತಗ್ಗಿಸಿ ನಿಂತೆ. ಐವತ್ತು ವರ್ಷಗಳ ಸಂಸಾರದಲ್ಲಿ ಇದೇ ಮೊದಲು ಎಂದು ಯಜಮಾನರು ಆಮೇಲೆ ಸಾರಿದರು. ಅವಳು ನನ್ನನ್ನು ದಾಟಿ ಶೀಲಾಳ ಮುಂದೆ ಕೂತಳು. ಹಿಂದಿನ ದಿನ ಅವಳು ಬಚ್ಚಲದಲ್ಲಿದ್ದಾಗ ಅತ್ತೆ ಬಾಗಿಲು ತಟ್ಟಿದಳಂತೆ. "ನಳ ಬಂದ್ ಮಾಡಿ ಅಳು. ಆಮ್ಯಾಲ ಚಾ ಕುಡಿ, ಆರ್ತದ," ಎಂದಳಂತೆ. ಹೊರಗೆ ಬಂದರೆ ಚಹಾ ಇತ್ತು. ರೊಟ್ಟಿಯನ್ನು ಮಾತ್ರ ಯಾರೂ ಬಡಿದಿರಲಿಲ್ಲ. ಅದನ್ನು ಮತ್ತೆ ಇವಳೇ ಬಡಿದಳು.

ಸುಗಂಧಮ್ಮ ಸೊಸೆಯನ್ನು ಉಳಿಸಿದಳೋ ನೀರನ್ನು ಉಳಿಸಿದಳೋ ನಾನು ಹೇಳಲಾರೆ. ಅದನ್ನು ಅಳೆಯುವುದು ಶೀಲಾಳ ಕೆಲಸ.

"ನನ್ನ ಫಾರ್ಮ್ ಇರಲಿ ತಂಗಿ," ಎಂದಳು ಕಮಲಾ. "ಇನ್ನೂ ಹೇಳೋದದ. ಆದ್ರ ಆಯಿ ಮನ್ಯಾಗ ಇರಬಾರ್ದು."

ಗೈಡ್ ಮೇಡಂ ಅವರ ತೀರ್ಪೂ ಬಂತು. ಆದದ್ದನ್ನು ಎಲ್ಲರಿಗೂ ತಿಳಿಸಬೇಕು, ಬೇಡವೆಂದವರ ಫಾರ್ಮು ತೆಗೆಯಬೇಕು, ಇರುವವರನ್ನು ಹೊಸದಾಗಿ ಕೇಳಬೇಕು. ಆರು ತಿಂಗಳು ಹಿಂದೆ ಬೀಳುವ ಬದಲು ಎರಡು ತಿಂಗಳ ಹೆಚ್ಚಿನ ಗಡುವು ಸಿಕ್ಕಿತು. ಬೈಯಲು ಬಂದ ಏಳು ಜನರಲ್ಲಿ ಐವರು ಒಪ್ಪಿದರು. ಅವರ ಷರತ್ತೂ ಕಮಲಾಳ ಷರತ್ತೇ. ಹೀಗಾಗಿ ನನ್ನನ್ನು ಭಾಲ್ಕಿಯ ತಂಗಿಯ ಮನೆಗೆ ಗಡೀಪಾರು ಮಾಡಲಾಯಿತು. ಬಸ್ ಸ್ಟ್ಯಾಂಡಿಗೆ ಬಂದ ಯಜಮಾನರು, ಬಸ್ಸು ಹೊರಡುವತನಕ ನಿಂತು ಖಾತ್ರಿ ಮಾಡಿಕೊಂಡು ಹೋದರು.

ಕಡಿಮೆ ಬಿದ್ದ ಫಾರ್ಮುಗಳಿಗಾಗಿ ಶೀಲಾ ಔರಾದ ತಾಲೂಕಿನ ಎಕಂಬಾಕ್ಕೆ ಹೋಗಿ ಬಂದಳು. ಅಷ್ಟು ದೂರ ಯಾಕೆ, ಮೈಲೂರಿನ ಹತ್ತಿರವೇ ಅಷ್ಟೂರ ಇದೆಯಲ್ಲ ಎಂದು ಫೋನಿನಲ್ಲಿ ಕೇಳಿದೆ.

"ಎಕಂಬಾದಾಗ ನಿನ್ನ ಗುರ್ತಿನವ್ರು ಒಬ್ಬರೂ ಇಲ್ಲ ಆಯಿ," ಎಂದಳು.

ನಲವತ್ತು ಫಾರ್ಮುಗಳು ಗಡುವಿನೊಳಗೆ ಮುಗಿದವು. ನಾನು ಶುದ್ಧಳಾಗಿ ಮೈಲೂರಿಗೆ ಮರಳಿದೆ. ಇನ್ನು ಮುಂದೆ ಕಿವಿ ಇದ್ದರೂ ಬಾಯಿ ಇಲ್ಲ ಎಂದು ಪಣ ತೊಟ್ಟು ಗುರುವಾರದ ಕೂಟಕ್ಕೆ ಹೋದೆ. ಕಮಲಾಳೂ ಸುಗಂಧಮ್ಮನೂ ಒಂದೇ ಚಾಪೆಯ ಮೇಲೆ ಕೂತಿದ್ದರು. ಪಾಸ್ಟರಮ್ಮನವರು ಡಬ್ಬಿ ತೆರೆದು ಚೀಟಿ ಓದತೊಡಗಿದರು. ಒಬ್ಬರ ಮೊಣಕಾಲು, ಒಬ್ಬರ ಮಗನ ಪರೀಕ್ಷೆ. ಆಮೇಲೆ ಒಂದು ಚೀಟಿ:

"ನಾಲಿಗೆ ಹಿಡಿತದಲ್ಲಿಲ್ಲದ ಒಬ್ಬ ಹಿರಿಯ ಸಹೋದರಿಗಾಗಿ ಪ್ರಾರ್ಥಿಸಿರಿ."

ಹೆಸರು ಇರಲಿಲ್ಲ. ಹಿಂದಿನ ಚೀಟಿ ಓದಿದಾಗ ಎಲ್ಲರೂ ಚಾಪೆ ನೋಡಿದ್ದರು, ಪ್ರತಿಯೊಬ್ಬಳೂ ಅದು ತನ್ನದೇ ಎಂದುಕೊಂಡಿದ್ದಳು. ಈ ಸಲ ಒಬ್ಬಳೂ ಚಾಪೆ ನೋಡಲಿಲ್ಲ. ಎಲ್ಲರೂ ನನ್ನ ಕಡೆಗೇ ತಿರುಗಿದರು.

ನಾನೇ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಗಟ್ಟಿಯಾಗಿ "ಆಮೆನ್" ಎಂದೆ.